ಐನೂರು ಸಾಕ್ಷಿಗಳೋ, ಒಂದೇ ಸಾಕ್ಷಿಯೋ?

ಮಾನ್ಯರೇ,

ಪವಾಡಗಳನ್ನು ಕಂಡವರ ಮಾತು ಕ್ರೈಸ್ತ ಧರ್ಮದ ಸತ್ಯಕ್ಕೆ ಪುರಾವೆಯಾಗುತ್ತದೆಂದು ವಾದಿಸುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ, ವಿಷಯದ ಮೇಲಿನ ಶ್ರದ್ಧೆಯೂ ಎದ್ದು ಕಾಣುತ್ತದೆ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ.

ಮೂರನೆಯ ಪುಟದಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಸತ್ತು ಎದ್ದುಬಂದ ಯೇಸುವನ್ನು ಕಂಡೆವೆಂದು ಐನೂರಕ್ಕೂ ಹೆಚ್ಚು ಮಂದಿ ಸಾಕ್ಷಿ ನುಡಿದಿದ್ದಾರೆ, ಯಾವ ನ್ಯಾಯಾಲಯ ತಾನೇ ಇದನ್ನು ತಳ್ಳಿಹಾಕೀತು?’ ಇಲ್ಲಿ ‘ನುಡಿದಿದ್ದಾರೆ’ ಎಂಬ ಮಾತೇ ತಪ್ಪು. ‘ನಾನೂ ಆ ಗುಂಪಿನಲ್ಲಿದ್ದೆ’ ಎಂದು ಬರೆದಿಟ್ಟ ಒಬ್ಬರೂ ನಮಗೆ ಸಿಗುವುದಿಲ್ಲ. ನಮಗಿರುವುದು ಆರಂಭಕಾಲದ ಕ್ರೈಸ್ತ ಪ್ರಚಾರಕ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದ 6ನೆಯ ವಚನ ಮಾತ್ರ. ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದು ಅವನು ಸೇರಿಸುತ್ತಾನೆ, ಆದರೆ ಹೆಸರು, ಊರು, ದಿನ ಯಾವುದನ್ನೂ ಕೊಡುವುದಿಲ್ಲ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಈ ಐನೂರು ಮಂದಿಯ ಪ್ರಸ್ತಾಪವೇ ಇಲ್ಲ. ಹಾಗಾಗಿ ಇದು ಐನೂರು ಜನರ ಸಾಕ್ಷ್ಯವಲ್ಲ, ಐನೂರು ಜನರ ಬಗ್ಗೆ ಒಬ್ಬನ ಸಾಕ್ಷ್ಯ.

ನಾನು ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. ವರದಿಗಾರಿಕೆ ಕಲಿಯುತ್ತಿದ್ದ ಮೊದಲ ವರ್ಷ ಒಂದು ಅಪಘಾತದ ಸುದ್ದಿಯಲ್ಲಿ ‘ನಲವತ್ತು ಮಂದಿ ಕಣ್ಣಾರೆ ಕಂಡರು’ ಎಂದು ಬರೆದಿದ್ದೆ. ಹಿರಿಯ ಸಂಪಾದಕರು ಹಾಳೆಯಿಂದ ತಲೆಯೆತ್ತದೆ, ‘ಇವರಲ್ಲಿ ಎಷ್ಟು ಜನರನ್ನು ಮಾತಾಡಿಸಿದೆ?’ ಎಂದು ಕೇಳಿದರು. ‘ಒಬ್ಬರನ್ನು’ ಎಂದೆ. ಅವರು ‘ನಲವತ್ತು’ ಎಂಬುದರ ಮೇಲೆ ಕೆಂಪು ಗೀಟೆಳೆದು, ‘ನಲವತ್ತು ಮಂದಿ ಕಂಡರೆಂದು ಸ್ಥಳದಲ್ಲಿದ್ದ ಒಬ್ಬರು ಹೇಳಿದರು’ ಎಂದು ತಿದ್ದಿದರು. ಸುದ್ದಿ ಸುಳ್ಳಾಗಿರಲಿಲ್ಲ, ಆದರೆ ಅದರ ತೂಕ ಎಷ್ಟೆಂಬುದು ಓದುಗರಿಗೆ ಆಗಲೇ ಸರಿಯಾಗಿ ತಿಳಿಯುವಂತಾಯಿತು. ಆ ಹಾಳೆಯನ್ನು ಬಹುಕಾಲ ಮೇಜಿನ ಖಾನೆಯಲ್ಲಿಟ್ಟುಕೊಂಡಿದ್ದೆ.

ಗಟ್ಟಿಯಾದದ್ದನ್ನು ಬಿಟ್ಟು ದೊಡ್ಡದಾಗಿ ಕಂಡದ್ದನ್ನು ನೀವು ಹಿಡಿದುಕೊಂಡದ್ದು ನನಗೆ ಹೆಚ್ಚು ಬೇಸರ ತಂದಿತು. ಅದೇ ಅಧ್ಯಾಯದ 8ನೆಯ ವಚನದಲ್ಲಿ ಪೌಲನು ‘ನನಗೂ ಕಾಣಿಸಿಕೊಂಡನು’ ಎನ್ನುತ್ತಾನೆ. ಇದು ಕಂಡವನದೇ ಮಾತು. ಅಲ್ಲಿ ಅವನು ಹೆಸರಿಸುವ ಕೇಫನೊಡನೆ, ಅಂದರೆ ಯೇಸುವಿನ ಶಿಷ್ಯ ಪೇತ್ರನೊಡನೆ, ಯೆರೂಸಲೇಮಿನಲ್ಲಿ ಹದಿನೈದು ದಿನ ಇದ್ದುದನ್ನೂ ಅಲ್ಲಿ ಯೇಸುವಿನ ಸಹೋದರ ಯಾಕೋಬನನ್ನು ಕಂಡುದನ್ನೂ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಕೊರಿಂಥದ ಪತ್ರ ಕ್ರಿ.ಶ. 50ರ ದಶಕದ್ದು, ಅಂದರೆ ಘಟನೆ ನಡೆಯಿತೆನ್ನುವ ಕಾಲಕ್ಕೂ ಅದಕ್ಕೂ ಸುಮಾರು ಇಪ್ಪತ್ತೇ ವರ್ಷಗಳ ಅಂತರ. ಹೆಸರಿರುವ ಈ ಮೂವರ ಸುತ್ತ ವಾದ ಕಟ್ಟಿದ್ದರೆ ಒಪ್ಪದವರೂ ನಿಂತು ಓದುತ್ತಿದ್ದರು.

ಇನ್ನೊಂದು ವಾಕ್ಯವನ್ನೂ ಬಿಡಲಾರೆ: ‘ಪವಾಡ ಅಸಾಧ್ಯವೆಂದು ಮೊದಲೇ ತೀರ್ಮಾನಿಸಿದ ಹ್ಯೂಮ್ ಸಾಕ್ಷ್ಯದ ಕಡೆ ತಿರುಗಿಯೂ ನೋಡಲಿಲ್ಲ.’ 1748ರಲ್ಲಿ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಹೇಳಿದ್ದು, ಸಾಕ್ಷಿಯ ಮಾತು ಸುಳ್ಳಾಗುವುದೇ ಆ ಪವಾಡಕ್ಕಿಂತ ದೊಡ್ಡ ಪವಾಡವೆನಿಸಿದಾಗ ಮಾತ್ರ ಅದನ್ನು ಒಪ್ಪಬಹುದು ಎಂದು. ಪ್ಯಾರಿಸ್ಸಿನ ಒಂದು ಸಮಾಧಿಯ ಬಳಿ ರೋಗಗಳು ವಾಸಿಯಾದವೆಂಬುದಕ್ಕೆ ನಂಬಲರ್ಹ ಸಾಕ್ಷಿಗಳಿದ್ದಾರೆಂದು ಸ್ವತಃ ಒಪ್ಪಿಕೊಂಡೂ ಅವರು ಅದನ್ನು ತಳ್ಳಿಹಾಕುತ್ತಾರೆ. ನೀವು ಆಕ್ಷೇಪ ಎತ್ತಬೇಕಾಗಿದ್ದುದು ಅಲ್ಲಿಯೇ. ಲಾಟರಿಯಲ್ಲಿ ಇಂಥದೇ ಸಂಖ್ಯೆ ಗೆದ್ದಿತೆಂಬುದು ಮೊದಲು ಎಷ್ಟೇ ಅಸಂಭವವಾಗಿದ್ದರೂ ಪತ್ರಿಕೆಯ ಒಂದು ಸುದ್ದಿಯಿಂದಲೇ ನಂಬುತ್ತೇವಲ್ಲ ಎಂದು ತತ್ತ್ವಜ್ಞಾನಿಯೂ ಪಾದ್ರಿಯೂ ಆಗಿದ್ದ ರಿಚರ್ಡ್ ಪ್ರೈಸ್ 1767ರಲ್ಲಿ ಹ್ಯೂಮ್‌ಗೆ ಉತ್ತರ ಕೊಟ್ಟಿದ್ದರು. ಯಾವುದಾದರೂ ಒಂದು ಸಂಖ್ಯೆ ಗೆಲ್ಲಲೇಬೇಕು, ಸತ್ತವನು ಏಳಲೇಬೇಕೆಂದಿಲ್ಲ; ಆ ವ್ಯತ್ಯಾಸವನ್ನು ನೀವು ಹೇಗೆ ದಾಟುತ್ತೀರೆಂದು ತಿಳಿಯುವ ಆಸೆ ನನಗಿದೆ.

ಮೂರನೆಯ ಪುಟವನ್ನು ಮತ್ತೆ ಬರೆದು ಕಳಿಸಿ. ಪ್ರತಿ ಸಾಕ್ಷಿಯ ಪಕ್ಕದಲ್ಲಿ ಆ ಮಾತು ಯಾರಿಂದ ಯಾರಿಗೆ ಬಂದು ನಮಗೆ ತಲುಪಿತೆಂದು ಒಂದು ಸಾಲು ಇರಲಿ.

ವಿಶ್ವಾಸದಿಂದ,
ಸಂಪಾದಕ