ಆ ನೋಟ್‌ಬುಕ್ ಪೋಸ್ಟ್ ಮಾಡಬೇಡಿ, ನಾವೇ ಬರುತ್ತೇವೆ

ಸರಸ್ವತಿಪುರಂನಿಂದ ನಿವೃತ್ತ ಟೀಚರ್ ಒಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮೈಸೂರಿನ ಹಳೆಯ ಕ್ಲಬ್ಬುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಅವರಿಗೆ ನೋವು ಕೊಟ್ಟಿದೆ. ಯೂನಿವರ್ಸಿಟಿಯ ಮಹಿಳಾ ಸಮಾಜವನ್ನು ಅದರಲ್ಲಿ ‘ಮೇಷ್ಟ್ರ ಹೆಂಡತಿಯರ ಕಾಫಿ ಕೂಟ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆವು. ಇವರ ತಾಯಿ 1961ರಿಂದ ಅಂಥದೊಂದು ಸಮಾಜದಲ್ಲಿದ್ದು ಲೆಕ್ಕ ಬರೆಯುತ್ತಿದ್ದರಂತೆ. ಆ ನೋಟ್‌ಬುಕ್ ಇವತ್ತಿಗೂ ಟ್ರಂಕಿನಲ್ಲಿದೆ. ‘ಇದು ಇತಿಹಾಸ ಅಲ್ವಾ?’ ಎಂದು ಕೇಳಿದ್ದಾರೆ.

ಮೇಡಂ, ನಮಸ್ಕಾರ.

ಇತಿಹಾಸವೇ. ಆ ಸಾಲನ್ನು ನಾನೇ ಓದಿ, ಸರಿ ಎಂದು ಅಚ್ಚಿಗೆ ಬಿಟ್ಟಿದ್ದೆ. ತಪ್ಪಾಯಿತು, ಕ್ಷಮಿಸಿ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಓದಿದ ಮೇಲೆ ಸುಮ್ನೆ ಒಂದು ತಿದ್ದುಪಡಿ ಹಾಕಿ ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ.

ನಿಮ್ಮ ತಾಯಿ ಶಿವಮೊಗ್ಗದಿಂದ ಇಲ್ಲಿಗೆ ಬಂದಾಗ ಮಾನಸಗಂಗೋತ್ರಿ ಶುರುವಾಗಿ ಒಂದು ವರ್ಷವಾಗಿತ್ತು. ಹೊಸ ವಿಭಾಗ, ಹೊಸ ಹುದ್ದೆ, ಅದರ ಹಿಂದೆಯೇ ಹೊಸ ಸಂಸಾರಗಳು. ಆಗ ಬೆಂಗಳೂರಿನ ಕಾಲೇಜುಗಳೂ ಮೈಸೂರು ವಿಶ್ವವಿದ್ಯಾನಿಲಯದ ಕೆಳಗೇ ಇದ್ದವು, ಬೆಂಗಳೂರಿಗೆ ಬೇರೆ ವಿಶ್ವವಿದ್ಯಾನಿಲಯ ಆಗಿದ್ದು 1964ರಲ್ಲಿ. ಹಾಗಾಗಿ ವರ್ಗ ಅಂದರೆ ಊರೇ ಬದಲು. ಗಂಡನಿಗೆ ಬಂದ ದಿನವೇ ಡಿಪಾರ್ಟ್‌ಮೆಂಟು, ಜೊತೆಗಾರರು, ಸಂಜೆ ಟೆನಿಸ್. ಹೆಂಡತಿಗೆ ಯಾರು? ಹಾಲು ಎಲ್ಲಿ ಸಿಗುತ್ತದೆ, ಮಗುವಿಗೆ ಜ್ವರ ಬಂದರೆ ಯಾವ ಡಾಕ್ಟರ್, ಯಾವ ಸ್ಕೂಲಿನಲ್ಲಿ ಸೀಟಿದೆ ಎಂದು ಹೇಳುವವರು ಬೇಕಲ್ಲ. ಸಾಮಾನು ಇಳಿಸಿದ ದಿನವೇ ಸಮಾಜದ ಇಬ್ಬರು ಒಂದು ಡಬ್ಬಿ ಪುಳಿಯೋಗರೆ, ಒಂದು ಕೂಜ ನೀರು ಹಿಡಿದು ಬಂದರು ಎಂದು ಬರೆದಿದ್ದೀರಿ. ತಿಂಗಳಿಗೆ ಎಂಟಾಣೆ ಚಂದಾ. ಆ ದುಡ್ಡಿನಲ್ಲೇ ಅಟೆಂಡರ್ ಒಬ್ಬರ ಮಗಳ ಪರೀಕ್ಷೆ ಫೀಸು ಕಟ್ಟಿದ್ದರು. ಇದನ್ನು ನಾವು ಕಾಫಿ ಕೂಟ ಎಂದೆವಲ್ಲ.

ಕಾಫಿ ಇತ್ತು, ಇರಲಿ. ಗಂಡಸರ ಕ್ಲಬ್ಬಿನಲ್ಲೂ ಇತ್ತು. ಅಲ್ಲಿ ಕುಡಿದ ಕಾಫಿಯನ್ನು ನಾವು ಆರು ಪುಟ ಬರೆದೆವು.

ಈ ಕಥೆ ನಮ್ಮ ಊರಿನದು ಮಾತ್ರ ಅಲ್ಲ. ಲಂಡನ್ನಿನಲ್ಲಿ ಓದಿದ ಹೆಂಗಸರು 1886ರಲ್ಲಿ ತಮ್ಮದೇ ಒಂದು ಕ್ಲಬ್ ಕಟ್ಟಿದರು, ಏಕೆಂದರೆ ಗಂಡಸರ ಕ್ಲಬ್ಬುಗಳಲ್ಲಿ ಅವರಿಗೆ ಸದಸ್ಯತ್ವವೇ ಇರಲಿಲ್ಲ. ಆಗ ಕೇಂಬ್ರಿಜ್‌ನಲ್ಲಿ ಹೆಣ್ಣುಮಕ್ಕಳು ಪರೀಕ್ಷೆ ಬರೆದು ಪಾಸಾದರೂ ಡಿಗ್ರಿ ಇಲ್ಲ. ಅಲ್ಲಿ ಪೂರ್ತಿ ಡಿಗ್ರಿ ಸಿಕ್ಕಿದ್ದು 1948ರಲ್ಲಿ. ನಮ್ಮ ಕಲ್ಕತ್ತಾದಲ್ಲಿ ಕಾದಂಬಿನಿ ಮತ್ತು ಚಂದ್ರಮುಖಿ ಬಸು 1883ಕ್ಕೇ ಪದವೀಧರರಾಗಿದ್ದರು, ನೋಡಿ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. 1881ರಲ್ಲಿ ನಮ್ಮ ಮೈಸೂರಿನಲ್ಲಿ ಅರಮನೆಯ ಬಕ್ಷಿ ಅಂಬಿಲ್ ನರಸಿಂಹ ಅಯ್ಯಂಗಾರರು ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಶುರು ಮಾಡಿದರು, ಇವತ್ತಿನ ಮಹಾರಾಣಿ ಕಾಲೇಜಿನ ಬೇರು ಅದು. ಅದೇ ವರ್ಷ ಅಮೆರಿಕದ ಬಾಸ್ಟನ್‌ನಲ್ಲಿ ಕಾಲೇಜು ಮುಗಿಸಿದ 17 ಹೆಂಗಸರು ಒಂದು ಕಡೆ ಸೇರಿ ತಮ್ಮ ಸಂಘ ಕಟ್ಟಿದರು. ಓದಿದರೆ ಹೆಣ್ಣಿನ ಆರೋಗ್ಯ ಕೆಡುತ್ತದೆ ಎಂದು ಅದೇ ಊರಿನ ಎಡ್ವರ್ಡ್ ಕ್ಲಾರ್ಕ್ ಎಂಬ ಡಾಕ್ಟರು 1873ರಲ್ಲಿ ಪುಸ್ತಕ ಬರೆದು ಎಲ್ಲರನ್ನೂ ಹೆದರಿಸಿದ್ದರು. ಇವರು ಜಗಳ ಆಡಲಿಲ್ಲ. ಪ್ರಶ್ನೆಗಳನ್ನು ಅಚ್ಚು ಹಾಕಿಸಿ, ಓದಿದ ಹೆಂಗಸರಿಗೆಲ್ಲ ಅಂಚೆಯಲ್ಲಿ ಕಳಿಸಿ, ಬಂದ ಉತ್ತರಗಳನ್ನು ಎಣಿಸಿ 1885ರಲ್ಲಿ ವರದಿ ಹೊರಡಿಸಿದರು. ಓದಿದವರು ಉಳಿದವರಷ್ಟೇ ಗಟ್ಟಿಮುಟ್ಟಾಗಿದ್ದರು. ಈ ಕೆಲಸವೂ ‘ಹೆಂಗಸರ ಕೂಟ’ವೇ ಮಾಡಿದ್ದು.

ಈಗ ನಿಮ್ಮ ಪತ್ರದ ಮೂರನೇ ಪುಟಕ್ಕೆ ಬರುತ್ತೇನೆ. ಅದು ಬಿಡದೆ ಕಾಡಿತು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 23 ಸದಸ್ಯೆಯರ ಪಟ್ಟಿ ಇದೆ ಎಂದಿದ್ದೀರಿ. ಎಲ್ಲವೂ ಮಿಸೆಸ್ ಇಂಥವರು, ಗಂಡನ ಇನಿಷಿಯಲ್ಲು, ಗಂಡನ ಡಿಪಾರ್ಟ್‌ಮೆಂಟು. ಮಿಸೆಸ್ ಫಿಸಿಕ್ಸ್, ಮಿಸೆಸ್ ಹಿಸ್ಟರಿ ಎಂದೇ ಕರೆದುಕೊಳ್ಳುತ್ತಿದ್ದರಂತೆ. ಹೆಂಗಸರೇ ಹೆಂಗಸರಿಗಾಗಿ ಬರೆದ ಪುಸ್ತಕದಲ್ಲೂ ಅವರ ಸ್ವಂತ ಹೆಸರಿಲ್ಲ. ಅವರಲ್ಲಿ ಒಬ್ಬರು ಗಣಿತದಲ್ಲಿ ಎಂ.ಎ. ಮಾಡಿ ಮನೆಯಲ್ಲೇ ಉಳಿದವರು, ಸಮಾಜದ ಹಿಂದಿನ ರೂಮಿನಲ್ಲಿ ಬೀದಿಯ ಹುಡುಗಿಯರಿಗೆಲ್ಲ ಲೆಕ್ಕ ಹೇಳಿಕೊಟ್ಟರು, ನೀವೂ ಅಲ್ಲೇ ಕಲಿತಿರಿ. ಅವರೂ ಪಟ್ಟಿಯಲ್ಲಿ ಮಿಸೆಸ್ ಬಾಟನಿ.

ಭೌತವಿಜ್ಞಾನಿ ಮರಿಯಾ ಗೊಪ್ಪರ್ಟ್ ಮೇಯರ್ ನೆನಪಾದರು. ಗಂಡ ಪ್ರೊಫೆಸರು. ಗಂಡ-ಹೆಂಡತಿ ಇಬ್ಬರಿಗೂ ಕೆಲಸ ಕೊಡಬಾರದು ಎಂಬ ನಿಯಮ ಅಮೆರಿಕದ ಎಷ್ಟೋ ವಿಶ್ವವಿದ್ಯಾನಿಲಯಗಳಲ್ಲಿತ್ತು, ಹಾಗಾಗಿ ಆಕೆ ವರ್ಷಗಟ್ಟಲೆ ಸಂಬಳವಿಲ್ಲದೆ ಭೌತಶಾಸ್ತ್ರ ಮಾಡಿದರು. 1963ರಲ್ಲಿ ನೊಬೆಲ್ ಬಂದಾಗ ಅವರ ಊರು ಸ್ಯಾನ್ ಡಿಯಾಗೋದ ಪತ್ರಿಕೆಯ ತಲೆಬರಹ, ನಮ್ಮೂರಿನ ತಾಯಿಗೆ ನೊಬೆಲ್ ಎಂದು! ಪತ್ರಿಕೆಯವನಾಗಿ ಅದನ್ನು ಓದಿದಾಗೆಲ್ಲ ಸಿಟ್ಟು ಬರುತ್ತಿತ್ತು. ನಿಮ್ಮ ಪತ್ರ ಬಂದ ಮೇಲೆ, ನಮ್ಮ ಪತ್ರಿಕೆಯೂ ಅದನ್ನೇ ಮಾಡಿತಲ್ಲ ಎನಿಸಿತು.

ಅದಕ್ಕೇ ಒಂದು ಕೋರಿಕೆ. ಆ ಸಮಾಜದ ನಾಲ್ಕು ಜನ ಇನ್ನೂ ಇದ್ದಾರೆ, ಒಬ್ಬರಿಗೆ 91 ಎಂದಿದ್ದೀರಿ. ಆದಷ್ಟು ಬೇಗ ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಪಟ್ಟಿಯ ಜೆರಾಕ್ಸ್ ಮಾಡಿಸಿ, ಪ್ರತಿ ಮಿಸೆಸ್ ಪಕ್ಕದಲ್ಲೂ ಆಕೆಯ ಸ್ವಂತ ಹೆಸರು, ತವರೂರು, ಎಲ್ಲಿಯವರೆಗೆ ಓದಿದ್ದರು ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ನಾಚಿಕೊಂಡು ‘ನಮ್ಮದೇನಿದೆ’ ಅಂತಾರೆ, ಬಿಡಬೇಡಿ. ಮನೆಯವರು ಒಪ್ಪಿದರೆ ಅಷ್ಟೂ ಹೆಸರು ನಮ್ಮ ಪತ್ರಿಕೆಯಲ್ಲಿ ಬರುತ್ತವೆ, ಕಳೆದ ಸಲ ಗಂಡಸರ ಕ್ಲಬ್ಬಿಗೆ ಕೊಟ್ಟಷ್ಟೇ ಜಾಗದಲ್ಲಿ.

ನೋಟ್‌ಬುಕ್ಕನ್ನು ಮಾತ್ರ ಪೋಸ್ಟ್ ಮಾಡಬೇಡಿ, ಹಾಳೆ ಉದುರುತ್ತಿದೆ ಎಂದಿದ್ದೀರಿ. ಟ್ರಂಕಿನಿಂದ ತೆಗೆದು ಬಿಳಿ ಬಟ್ಟೆಯಲ್ಲಿ ಸುತ್ತಿಡಿ, ಬಿಸಿಲಿಗೆ ಇಡಬೇಡಿ. ಮುಂದಿನ ಶನಿವಾರ ಮಧ್ಯಾಹ್ನ ಮೂರಕ್ಕೆ ನಾನು, ನಮ್ಮ ಫೋಟೋಗ್ರಾಫರ್ ಹುಡುಗಿ ಮನೆಗೆ ಬರುತ್ತೇವೆ. ನಿಮ್ಮ ತಾಯಿಯ ಹೆಸರನ್ನು ಪತ್ರದಲ್ಲಿ ನೀವೂ ಬರೆದಿಲ್ಲ, ಅವತ್ತು ಹೇಳಿ.