ವಯಸ್ಸಾದವರಿಗೆ ಕಿವಿ ಮಂದವಾದರೆ ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಗ್ಗುವ ಕಾಯಿಲೆ) ಬರುತ್ತಾ? ಹಿಯರಿಂಗ್ ಏಡ್ ಹಾಕಿದರೆ ತಪ್ಪುತ್ತಾ?

ಬಂದೇ ಬರುತ್ತದೆ ಅಂತೇನಿಲ್ಲ, ಆದರೆ ಸಾಧ್ಯತೆ ಜಾಸ್ತಿ. ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನ ತಜ್ಞರ ಆಯೋಗದ 2024ರ ವರದಿ ಡಿಮೆನ್ಷಿಯಾ ಸಾಧ್ಯತೆ ಹೆಚ್ಚಿಸುವ, ಆದರೆ ತಡೆಯಬಹುದಾದ 14 ಅಂಶಗಳನ್ನು ಗುರುತಿಸಿದೆ. ಕಿವುಡು ಅದರಲ್ಲಿ ದೊಡ್ಡವುಗಳಲ್ಲೊಂದು. ಸರಿಯಾಗಿ ಕೇಳಿಸದವರು ನಾಲ್ಕು ಜನ ಮಾತಾಡುವಾಗ ಸುಮ್ನೆ ತಲೆಯಾಡಿಸುತ್ತಾರೆ, ಆಮೇಲೆ ಮೆಲ್ಲಗೆ ಎದ್ದು ಒಳಗೆ ಹೋಗುತ್ತಾರೆ, ಅಲ್ವಾ? ಮಾತುಕತೆ ಕಡಿಮೆಯಾದಂತೆ ಮಿದುಳಿಗೂ ಕೆಲಸ ಕಡಿಮೆ.

ಹಿಯರಿಂಗ್ ಏಡ್ ಬಗ್ಗೆ ಉತ್ತರ ಅಷ್ಟು ನೇರವಾಗಿಲ್ಲ. ಅಮೆರಿಕದಲ್ಲಿ 70ರಿಂದ 84 ವರ್ಷದ 977 ಜನರ ಮೇಲೆ ಮೂರು ವರ್ಷ ನಡೆದ ‘ಅಚೀವ್’ ಪ್ರಯೋಗದಲ್ಲಿ ಹಿಯರಿಂಗ್ ಏಡ್ ಕೊಟ್ಟವರಿಗೂ ಕೊಡದವರಿಗೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಹೆಚ್ಚಿದ್ದವರಲ್ಲಿ ನೆನಪು, ಯೋಚನಾಶಕ್ತಿ ಕುಗ್ಗುವ ವೇಗ 48% ಕಡಿಮೆಯಾಯಿತು. ಹಾಗಾಗಿ ‘ವಯಸ್ಸಾಯ್ತಲ್ಲ’ ಅಂತ ಬಿಡಬೇಡಿ, ಪರೀಕ್ಷೆ ಮಾಡಿಸಿ. ಕೆಲವೊಮ್ಮೆ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ.