ಸ್ಪ್ಯಾನಿಷ್ ಬರದೆ ಮೆಕ್ಸಿಕೊಗೆ ಹೋಗಬಹುದಾ?

ಅಮ್ಮನ ಜೊತೆ ಹತ್ತು ದಿನ ಮೆಕ್ಸಿಕೊ ಸಿಟಿ, ವಹಾಕಾ ಹೋಗ್ತೀವಿ, ಸ್ಪ್ಯಾನಿಷ್ ಬರಲ್ಲ, ಇಬ್ಬರೂ ಸಸ್ಯಾಹಾರಿಗಳು ಅಂತ ಕೇಳಿದ್ದೀರಿ. ಧೈರ್ಯವಾಗಿ ಹೋಗಿ.

ಮೊದಲು ನಮಸ್ಕಾರ ಕಲಿಯಿರಿ. ಮಧ್ಯಾಹ್ನದವರೆಗೆ 'ಬ್ವೇನೋಸ್ ದಿಯಾಸ್', ಆಮೇಲೆ 'ಬ್ವೇನಾಸ್ ತಾರ್ದೇಸ್', ಕತ್ತಲಾದ ಮೇಲೆ 'ಬ್ವೇನಾಸ್ ನೋಚೇಸ್'. ಅಂಗಡಿ, ಟ್ಯಾಕ್ಸಿ, ಎಲ್ಲಿ ಕಾಲಿಟ್ಟರೂ ಇದನ್ನು ಹೇಳಿಯೇ ಮಾತು ಶುರು ಮಾಡಬೇಕು, ಸೀದಾ ರೇಟ್ ಕೇಳಿದರೆ ಒರಟು ಅನಿಸುತ್ತದೆ. ನಮ್ಮ ನೀನು, ನೀವು ಇದ್ದ ಹಾಗೆ ಅಲ್ಲೂ 'ತು', 'ಉಸ್ತೆದ್' ಇದೆ. ಹಿರಿಯರಿಗೆ, ಅಪರಿಚಿತರಿಗೆ ಉಸ್ತೆದ್.

ಊಟದ ವಿಷಯದಲ್ಲಿ ಮಾತ್ರ ಜಾಸ್ತಿ ಹುಷಾರಾಗಿರಿ. 'ಸಿನ್ ಕಾರ್ನೆ' ಅಂದರೆ ಮಾಂಸ ಬೇಡ ಅಂತ, ಆದರೆ ಎಷ್ಟೋ ಜನರಿಗೆ ಕಾರ್ನೆ ಅಂದರೆ ದನ, ಹಂದಿ ಮಾಂಸ ಅಷ್ಟೇ, ಹಾಗಾಗಿ ಕೋಳಿ ಹಾಕಿ ಕೊಟ್ಟುಬಿಡಬಹುದು. 'ಸಿನ್ ಪೊಯೊ, ಸಿನ್ ಪೆಸ್ಕಾದೊ' ಅಂತಲೂ ಸೇರಿಸಿ, ಅಂದರೆ ಕೋಳಿ, ಮೀನು ಬೇಡ. ಬೇಯಿಸಿದ ಕಾಳಿಗೆ ಹಂದಿ ಕೊಬ್ಬು ಹಾಕುವುದುಂಟು, 'ತಿಯೇನೆ ಮಾಂತೇಕಾ?' ಅಂತ ಕೇಳಿ. ಅನ್ನವನ್ನೂ ಕೋಳಿ ಸಾರಿನಲ್ಲಿ ಬೇಯಿಸುತ್ತಾರೆ, ಅದಕ್ಕೆ 'ಕಾಲ್ದೊ ದೆ ಪೊಯೊ' ಇದೆಯಾ ಅಂತ ವಿಚಾರಿಸಿ. ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ತೋರಿಸಿದರೆ ಅಮ್ಮನಿಗೂ ನೆಮ್ಮದಿ.

ಬಿಲ್ ತಾವಾಗಿ ತರುವುದಿಲ್ಲ, ಅದು ಮರ್ಯಾದೆ. 'ಲಾ ಕ್ವೆಂತಾ, ಪೊರ್ ಫಾವೋರ್' ಅನ್ನಿ. ಟಿಪ್ಸ್ 10ರಿಂದ 15 ಪರ್ಸೆಂಟ್ ಕೊಡಿ. ಎದ್ದು ಹೋಗುವಾಗ ಪಕ್ಕದ ಟೇಬಲ್‌ನವರಿಗೆ 'ಪ್ರೊವೇಚೊ' ಅನ್ನಿ, ಚೆನ್ನಾಗಿ ಊಟ ಮಾಡಿ ಅಂತ ಅರ್ಥ. ನನಗೆ ಅಲ್ಲಿ ತುಂಬಾ ಇಷ್ಟವಾದ ಪದ ಅದೇ.